ಈಚಲು ಮರದ ಕೆಳಗೆ ಮಜ್ಜಿಗೆ

ಊರೂರು ಸುತ್ತುವವರಿಗೆಂದು ಬರೆಯುವ ಪುಸ್ತಕಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ ನೋಡಲೇಬೇಕಾದ ಬಾರುಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಅದರಲ್ಲಿ ಒಂದೆರಡಾದರೂ ಸಾಹಿತ್ಯದಿಂದ ಹೆಸರಾದ ಬಾರುಗಳು. ಡಬ್ಲಿನ್ನಿನ ಡೇವಿ ಬರ್ನ್ಸ್‌ಗೆ ಹೋದವರು ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ (1922) ಕಾದಂಬರಿಯ ಬ್ಲೂಮ್ ಮಧ್ಯಾಹ್ನ ತಿಂದ ಚೀಸ್ ಸ್ಯಾಂಡ್‌ವಿಚ್ಚನ್ನೂ ಕುಡಿದ ಬರ್ಗಂಡಿಯನ್ನೂ ತಾವೂ ತರಿಸಿಕೊಳ್ಳುತ್ತಾರೆ. ಹವಾನಾದ ಎಲ್ ಫ್ಲೊರಿಡಿಟಾದಲ್ಲಿ ಹೆಮಿಂಗ್ವೇಯ ಕಂಚಿನ ಪ್ರತಿಮೆಯೇ ಕೌಂಟರಿಗೆ ಒರಗಿದೆ. ಪುಸ್ತಕದ ಬಾರು, ಬೀದಿಯ ಬಾರು ಎರಡೂ ಅಲ್ಲಿ ಒಂದೇ. ಓದಿದವನು ವಿಳಾಸ ಹಿಡಿದು ಹೋಗಬಹುದು, ಕೂತು ಕುಡಿಯಬಹುದು.

ಕನ್ನಡದ ಓದುಗ ಇಂಥದೊಂದು ಪಟ್ಟಿ ಮಾಡಲು ಹೊರಟರೆ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಾನೆ. ಕನ್ನಡದ ಅತ್ಯಂತ ಪ್ರಸಿದ್ಧ ಕುಡಿತದ ಜಾಗ ಇರುವುದು ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಸಂಗ್ರಹದಲ್ಲಿ. ಅದಕ್ಕೆ ಬೋರ್ಡಿಲ್ಲ, ಬೀದಿಯ ಹೆಸರಿಲ್ಲ. ಅದನ್ನು ಕಟ್ಟಿದವರು ಹೆಂಡ ಮುಟ್ಟದ ಮೇಷ್ಟ್ರು. ಅದನ್ನು ಹಾಡಿ ಉಳಿಸಿಕೊಂಡವರಲ್ಲಿ ಬಹಳಷ್ಟು ಮಂದಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಬಡಾವಣೆಗಳಲ್ಲಿ, ಕುಡಿತ ಹೊಸ್ತಿಲು ದಾಟಬಾರದೆಂದು ನಂಬಿದ ಮನೆಗಳ ಜನ. ಕುಡಿಯದವರು ಕಟ್ಟಿದ ಈ ಹೆಂಡದಂಗಡಿ ಕನ್ನಡಕ್ಕೆ ಏನು ಕೊಟ್ಟಿತು, ಏನನ್ನು ಮರೆಮಾಡಿತು ಎಂಬುದು ನನ್ನ ಪ್ರಶ್ನೆ.

ಮೊದಲು ಊರಿನ ವಿಷಯ. ಬೆಂಗಳೂರು 1949ರವರೆಗೆ ಎರಡು ಪುರಸಭೆಗಳ ಊರು. ಕಬ್ಬನ್ ಪಾರ್ಕಿನ ಆ ಕಡೆ ದಂಡು, ಈ ಕಡೆ ಪೇಟೆ. ಬಾರು ಎಂಬ ಸಂಸ್ಥೆ ಬೆಳೆದದ್ದು ದಂಡಿನ ಸಿಪಾಯಿಗಳ, ಅಧಿಕಾರಿಗಳ ನಡುವೆ. ಈ ಕಡೆ, ಪ್ಲೇಗು ಬಂದ 1898ರ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರಗಳು ದೇವಸ್ಥಾನ, ಮಾರುಕಟ್ಟೆ, ಶಾಲೆಗಳ ಸುತ್ತ ಬೆಳೆದವು. ಅವಕ್ಕಿಂತ ತುಸು ಹಳೆಯದಾದ ಚಾಮರಾಜಪೇಟೆಗೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಬಂದು ನೆಲೆಸಿತು. ಆಧುನಿಕ ಕನ್ನಡ ಸಾಹಿತ್ಯದ ಒಂದು ದೊಡ್ಡ ಪಾಲು ಈ ಬಡಾವಣೆಗಳ ಸಂಜೆಯ ವಾಕಿಂಗಿನಲ್ಲಿ, ಹೋಟೆಲಿನ ಮೇಜುಗಳಲ್ಲಿ ಚರ್ಚೆಯಾಗಿ ಬೆಳೆದದ್ದು. ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಂ, 1943ರಲ್ಲಿ ಗಾಂಧಿಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನ ಇವೇ ನಮ್ಮ ಡೇವಿ ಬರ್ನ್ಸ್‌ಗಳು. ಶಂಕರಪುರದಲ್ಲಿ 1965ರಿಂದ ಇರುವ ಪ್ರಸಿದ್ಧ ‘ಬಾರ್’ ಒಂದಿದೆ. ಅದರ ಪೂರ್ತಿ ಹೆಸರು ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲೂ ಜನ ನಿಂತೇ ಕುಡಿಯುತ್ತಾರೆ, ಬೈಟು ಹಂಚಿಕೊಳ್ಳುತ್ತಾರೆ, ಹರಟುತ್ತಾರೆ. ಲೋಟದಲ್ಲಿರುವುದು ಬೇರೆ, ಅಷ್ಟೆ. ಬಾರು ಎಂಬ ಪದಕ್ಕೆ ಕಾಫಿಯೂ ಜಾತಿಯ ಹೆಸರೂ ಸೇರಿ ಅದು ಮಡಿಯಾದದ್ದನ್ನು ಕಂಡರೆ ಈ ಬಡಾವಣೆಗಳ ಸ್ವಭಾವ ಅರ್ಥವಾಗುತ್ತದೆ.

ಇಲ್ಲಿ ಕುಡಿಯುವವರೇ ಇರಲಿಲ್ಲ ಎಂದಲ್ಲ. ಟಿ.ಪಿ. ಕೈಲಾಸಂ (1884–1946) ಅವರ ಕುಡಿತದ ಬಗ್ಗೆ ಹಳೆಯ ಬೆಂಗಳೂರಿನಲ್ಲಿ ಕಥೆಗಳು ಒಂದಲ್ಲ, ಹತ್ತಾರು. ಆದರೆ ಆ ಕಥೆಗಳೆಲ್ಲ ಕೈಲಾಸಂ ಬಗ್ಗೆ ಬೇರೆಯವರು ಹೇಳಿದವು. ‘ಟೊಳ್ಳುಗಟ್ಟಿ’ಯಂಥ ಅವರ ಹೆಸರಾಂತ ನಾಟಕಗಳ ಪರದೆ ಸರಿದಾಗ ಕಾಣುವುದು ಮಧ್ಯಮವರ್ಗದ ಮನೆಯ ಹಜಾರ. ಲೇಖಕನ ಕುಡಿತ ಹರಟೆಗೆ ಹೋಯಿತು, ಸಾಹಿತ್ಯಕ್ಕೆ ಮನೆ ಬಂತು. ಕುಡಿದವರು ಕುಡಿತವನ್ನು ಬರೆಯಲಿಲ್ಲ, ಬರೆದವರು ಕುಡಿಯಲಿಲ್ಲ ಎಂಬ ಮಾತು ಪೂರ್ತಿ ಲೆಕ್ಕಕ್ಕೆ ಹೊಂದದೇ ಇರಬಹುದು. ಈ ಬಡಾವಣೆಗಳ ಮಟ್ಟಿಗೆ ಅದು ಬಹುಪಾಲು ನಿಜ.

ಹಾಗಾದರೆ ಬರೆದವರು ಯಾವ ಅಂಗಡಿಯನ್ನು ಕಂಡರು? ಎರಡು ದಾರಿಗಳಿದ್ದವು. ಒಂದು ಪರ್ಷಿಯಾದಿಂದ ಇಂಗ್ಲಿಷಿನ ಮೂಲಕ ಬಂದ ದಾರಿ. ಎಡ್ವರ್ಡ್ ಫಿಟ್ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದ ಉಮರ್ ಖಯ್ಯಾಮನ ರುಬಾಯಿಗಳು ಜಗತ್ತನ್ನೆಲ್ಲ ಸುತ್ತಿ ಡಿವಿಜಿಯವರ ಕೈಯಲ್ಲಿ ‘ಉಮರನ ಒಸಗೆ’ಯಾದವು. ‘ಮಂಕುತಿಮ್ಮನ ಕಗ್ಗ’ (1943) ಬರುವುದಕ್ಕೆ ಮೊದಲೇ, ಮುಂದೆ ಬಸವನಗುಡಿಯ ಹಿರಿಯರೆಂದೇ ಹೆಸರಾದ ಡಿವಿಜಿ, ಮುಂಜಾನೆಯಲ್ಲಿ ಪಾನಶಾಲೆಯ ಬಾಗಿಲು ತಟ್ಟುವವರ ಕೂಗನ್ನು ಕನ್ನಡದಲ್ಲಿ ಕೇಳಿಸಿದರು. ಹಿಂದಿಯಲ್ಲಿ ಹರಿವಂಶರಾಯ್ ಬಚ್ಚನ್ ಅವರ ‘ಮಧುಶಾಲಾ’ ಬಂದದ್ದು 1935ರಲ್ಲಿ. ಅದೂ ಇದೇ ದಾರಿಯ ಪಯಣ. ಈ ಪಾನಶಾಲೆಗಳಲ್ಲಿ ಬಟ್ಟಲಿದೆ, ಸಾಕಿ ಇದ್ದಾಳೆ, ಜಗತ್ತಿನ ಅನಿತ್ಯತೆಯಿದೆ. ಕುಡಿತಕ್ಕೆ ಕೊಡಬೇಕಾದ ದುಡ್ಡಿನ ಚಿಂತೆ ಮಾತ್ರ ಕಾಣುವುದಿಲ್ಲ. ಇಲ್ಲಿನ ದ್ರಾಕ್ಷಾರಸ ಒಂದು ರೂಪಕ. ರೂಪಕವನ್ನು ಯಾರು ಬೇಕಾದರೂ ಮಡಿಯಲ್ಲಿದ್ದುಕೊಂಡೇ ಕುಡಿಯಬಹುದು.

ರಾಜರತ್ನಂ ಹಿಡಿದದ್ದು ಎರಡನೆಯ ದಾರಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1930ರ ದಶಕದಲ್ಲಿ, ಅವರು ಪಾನಶಾಲೆಯನ್ನು ಪರ್ಷಿಯಾದಿಂದ ಕಿತ್ತು ಮೈಸೂರು ಸೀಮೆಯ ಈಚಲು ತೋಪಿನ ಪಕ್ಕಕ್ಕೆ ತಂದು ಇಟ್ಟರು. ಇದನ್ನು ಬರಿಯ ಸ್ಥಳಾಂತರ ಎಂದುಕೊಂಡರೆ ಸಾಲದು, ಇಲ್ಲಿ ಪದಾರ್ಥವೇ ಬದಲಾಗುತ್ತದೆ. ದ್ರಾಕ್ಷಾರಸ ಹಳೆಯದಾದಷ್ಟೂ ಬೆಲೆ ಹೆಚ್ಚು, ನೆಲಮಾಳಿಗೆಯಲ್ಲಿ ಕೂಡಿಡಬಹುದು. ಈಚಲು ಮರಕ್ಕೆ ರಾತ್ರಿ ಕಟ್ಟಿದ ಮಡಕೆಯಲ್ಲಿ ಬೆಳಗ್ಗೆ ಸಿಗುವ ಸಿಹಿ ನೀರಾ ಬಿಸಿಲೇರಿದಂತೆ ಹುಳಿತು ಹೆಂಡವಾಗುತ್ತದೆ. ಅದನ್ನು ಕೂಡಿಡುವಂತಿಲ್ಲ. ಇವತ್ತಿನದು ಇವತ್ತಿಗೆ. ಕೂಲಿಯ ದುಡ್ಡೂ ಹಾಗೆಯೇ. ಖಯ್ಯಾಮ್ ಇವತ್ತನ್ನು ಬದುಕು ಎಂದು ಉಪದೇಶಿಸಬೇಕಾಗುತ್ತದೆ. ರತ್ನನಿಗೆ ಆ ಉಪದೇಶ ಬೇಕಿಲ್ಲ, ನಾಳೆಗೆ ಇಡಲು ಅವನ ಬಳಿ ಏನೂ ಇಲ್ಲ. ‘ರತ್ನನ್ ಪರ್ಪಂಚ’ದಲ್ಲಿ ಅವನು ಎಣಿಸುವ ಆಸ್ತಿ ನೋಡಿ: ಹೇಳಿಕೊಳ್ಳಲು ಒಂದು ಊರು, ತಲೆಯ ಮೇಲೊಂದು ಸೂರು, ಮಲಗಲು ನೆಲ, ಗಂಜಿ ಕೊಡುವ ಪುಟ್ನಂಜಿ. ಡಿವಿಜಿಯ ಉಮರನಿಗೆ ತತ್ತ್ವವಾದದ್ದು ಇಲ್ಲಿ ಮನೆಯ ಲೆಕ್ಕ.

ಇಷ್ಟೇ ಮುಖ್ಯವಾದದ್ದು ನಾಲಗೆ. ಹೆಂಡದ ಹಕಾರ ಬಿಟ್ಟ, ಒತ್ತಕ್ಷರ ಸಡಿಲಿಸಿದ ಆ ಮಾತು ಪಂಡಿತರ ಕನ್ನಡಕ್ಕೆ ಎದುರಾಗಿ ನಿಂತಿತು. ಪಾಳಿ, ಪ್ರಾಕೃತಗಳನ್ನು ಓದಿ ಬೌದ್ಧ, ಜೈನ ಸಾಹಿತ್ಯವನ್ನು ಕನ್ನಡಕ್ಕೆ ತಂದ, ಕಾಲೇಜಿನಲ್ಲಿ ಕನ್ನಡ ಕಲಿಸಿದ ವಿದ್ವಾಂಸರೇ ಅದನ್ನು ಬರೆದರು. ಅಮಲು ಇಲ್ಲಿ ಮಾಡುವ ಕೆಲಸ ಅಮಲಿಳಿದವರಿಂದ ಆಗದು. ಕುಡಿದವನಿಗೆ ಎದುರು ನಿಂತವರ ಅಂತಸ್ತು ಕಾಣುವುದಿಲ್ಲ. ಹಾಗಾಗಿ ರತ್ನ ಬ್ರಹ್ಮನಿಗೇ ಹೆಂಡ ಮುಟ್ಟಿದ ಕೈಗಳನ್ನು ಜೋಡಿಸಬಲ್ಲ. ಮಡಿ ಮೈಲಿಗೆಯ ಲೆಕ್ಕ ಗಟ್ಟಿಯಾಗಿದ್ದ ಬಡಾವಣೆಯ ಓದುಗ ಆ ಕೈಗಳನ್ನು ನೋಡಿಯೂ ಪದ್ಯವನ್ನು ಮೆಚ್ಚಬೇಕಾಯಿತು. ರಾಜರತ್ನಂ ಕಟ್ಟಿದ ಅಂಗಡಿಯ ನಿಜವಾದ ಸರಕು ಇದು: ಅಕ್ಷರವಿಲ್ಲದವನು ಯಾರ ಅಪ್ಪಣೆಯೂ ಇಲ್ಲದೆ ಮಾತಾಡಬಹುದಾದ ಜಾಗ.

ಇದನ್ನು ಒಪ್ಪಿಕೊಂಡೇ, ರತ್ನನ ಪದಗಳಲ್ಲಿ ಅತಿ ಹೆಚ್ಚು ಜನರಿಗೆ ಬಾಯಿಗೆ ಬರುವ ಪದವನ್ನು ಮತ್ತೆ ಓದಿ ನೋಡಬೇಕು. ಹೆಂಡ, ಹೆಂಡತಿ, ಕನ್ನಡ ಪದಗಳು ಈ ಮೂರೂ ರತ್ನನಿಗೆ ಪ್ರಾಣ. ದೇವರು ಬಂದು ಪರೀಕ್ಷೆ ಮಾಡುತ್ತಾನೆ. ಹೆಂಡ ಬಿಡು ಎಂದರೆ ಬಿಡುತ್ತಾನೆ. ಹೆಂಡತಿಯನ್ನು ಬಿಡು ಎಂದರೆ ಅದಕ್ಕೂ ದೊಡ್ಡ ತಕರಾರಿಲ್ಲ. ಕನ್ನಡ ಪದ ಹಾಡುವುದನ್ನು ನಿಲ್ಲಿಸು ಎಂದಾಗ ಮಾತ್ರ ತಿರುಗಿ ನಿಲ್ಲುತ್ತಾನೆ. ನರಕಕ್ಕೆ ತಳ್ಳಿದರೂ, ನಾಲಗೆ ಸೀಳಿ ಬಾಯಿ ಹೊಲಿದರೂ ಮೂಗಿನಲ್ಲೇ ಕನ್ನಡವಾಡುವ ಶಪಥ ಮಾಡುತ್ತಾನೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಚಪ್ಪಾಳೆ ಬೀಳುವುದು ಇಲ್ಲಿಗೇ.

ನನ್ನ ಗಮನ ಚಪ್ಪಾಳೆಗೆ ಮೊದಲಿನ ಎರಡು ಮೆಟ್ಟಿಲುಗಳ ಮೇಲೆ. ಕನ್ನಡದ ಅತಿ ಪ್ರಸಿದ್ಧ ಕುಡುಕನ ಅತಿ ಪ್ರಸಿದ್ಧ ಪದ್ಯದಲ್ಲಿ ಕುಡಿತವೇ ಮೊದಲು ಕೈಬಿಟ್ಟು ಹೋಗುತ್ತದೆ, ಅದೂ ಒಂದು ಮಾತಿಗೆ. ನಿಜವಾದ ಕುಡುಕನನ್ನು ಹತ್ತಿರದಿಂದ ಬಲ್ಲವರು ಈ ಕ್ರಮವನ್ನು ನಂಬುವುದಿಲ್ಲ. ಅವನಿಂದ ಕೊನೆಗೆ ಹೋಗುವುದು ಹೆಂಡ, ಉಳಿದದ್ದೆಲ್ಲ ಅದಕ್ಕೆ ಮೊದಲೇ ಹೋಗಿರುತ್ತದೆ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗೆ ಎಂಬ ಗಾದೆ ಸಂಶಯಕ್ಕೆ ಎಡೆಕೊಡುವ ಸಜ್ಜನನ ಬಗ್ಗೆ ಹೇಳಿದ್ದು. ರಾಜರತ್ನಂ ಆ ಸಜ್ಜನ. ಮರದ ಕೆಳಗೆ ಧೈರ್ಯವಾಗಿ ಕೂತರು, ಲೋಕ ಏನಂದರೂ ಏಳಲಿಲ್ಲ. ಆದರೆ ಲೋಟದಲ್ಲಿ ಮಜ್ಜಿಗೆಯಿದ್ದ ಗುರುತು ಈ ಪದ್ಯದ ಕ್ರಮದಲ್ಲಿ ಉಳಿದುಬಿಟ್ಟಿದೆ. ಹೆಂಡತಿ ಎರಡನೆಯ ಮೆಟ್ಟಿಲಲ್ಲಿ, ಹೆಂಡದ ಜೊತೆ ಪ್ರಾಸವಾಗಿ, ಅಷ್ಟೇ ಹಗುರಾಗಿ ಹೋಗುತ್ತಾಳೆ. ಪುಟ್ನಂಜಿಯ ನಗುವನ್ನೂ ರೂಪವನ್ನೂ ನಾವು ನೋಡುವುದು ರತ್ನನ ಕಣ್ಣಲ್ಲಿ. ಕೂಲಿ ಅಂಗಡಿಯಲ್ಲೇ ಖರ್ಚಾದ ಸಂಜೆ ಗಂಜಿಗೆ ಅಕ್ಕಿ ಎಲ್ಲಿಂದ ಬಂತು ಎಂದು ಅವಳನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ರತ್ನನನ್ನು ತಳ್ಳಿಹಾಕುವುದು ಸುಲಭದ ಕೆಲಸವಾದೀತು. ಆ ಕಾಲವನ್ನೂ ಇಟ್ಟುಕೊಂಡು ನೋಡಬೇಕು. ಗಾಂಧಿಯವರ ಕರೆಗೆ ಓಗೊಟ್ಟು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯುತ್ತಿದ್ದ ದಶಕವದು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದೇ ಸತ್ಯಾಗ್ರಹ ಮಾಡಿದರು. ಕುಡುಕ ಎಂದರೆ ತಿದ್ದಬೇಕಾದವನು ಎಂಬುದು ಆಗಿನ ಒಳ್ಳೆಯವರೆಲ್ಲರ ನಂಬಿಕೆ. ತಾನೂ ಕುಡಿಯದ ಒಬ್ಬ ಮೇಷ್ಟ್ರು ಆ ಹೊತ್ತಿನಲ್ಲಿ ಕುಡುಕನನ್ನು ತಿದ್ದಲು ಹೋಗದೆ ಅವನ ಪಕ್ಕ ಕೂತು ಅವನ ಮಾತನ್ನು ಕೇಳಿಸಿಕೊಂಡದ್ದು ಸಣ್ಣದಲ್ಲ. ಬೋದಿಲೇರ್‌ನ ‘ಪಾಪದ ಹೂಗಳು’ (1857) ಸಂಗ್ರಹದಲ್ಲಿ ದ್ರಾಕ್ಷಾರಸದ ಪದ್ಯಗಳದೇ ಒಂದು ಭಾಗವಿದೆ. ಅಲ್ಲಿ ಪ್ಯಾರಿಸಿನ ಚಿಂದಿ ಆಯುವವನು ಕುಡಿದು ರಾಜನಾಗುತ್ತಾನೆ. ಆದರೆ ಅವನ ಬಗ್ಗೆ ಮಾತಾಡುವವನು ಕವಿ. ರಾಜರತ್ನಂ ಮಾತನ್ನೇ ರತ್ನನ ಬಾಯಿಗೆ ಬಿಟ್ಟುಕೊಟ್ಟರು. ಬೋದಿಲೇರ್‌ನನ್ನು ಅದೇ ಹೆಸರಿನಲ್ಲಿ ಮುಂದೆ ಕನ್ನಡಕ್ಕೆ ತಂದವರು, ಬಸವನಗುಡಿಯಲ್ಲಿ ಕೂತು ಪತ್ರಿಕೆ ನಡೆಸಿದ ಲಂಕೇಶ್.

ನಮ್ಮಲ್ಲಿ ಇನ್ನೂ ಹಳೆಯದೊಂದು ದನಿಯಿದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯ ಒಬ್ಬ. ಹೆಂಡ ಮಾರುವುದು ಅವನ ಕಾಯಕ. ಆ ಕಾಯಕದ ಮಡಕೆ, ಅಮಲುಗಳೇ ಅವನಿಗೆ ಭಕ್ತಿಯ ಭಾಷೆ. ಗಡಿಗೆಯ ಆ ಬದಿಯಲ್ಲಿ ನಿಂತು, ತಾನು ಕುಡಿಯದೆ ಕುಡಿಯುವವರನ್ನು ದಿನವೂ ಕಂಡವನ ನೋಟವದು. ಉಮರನ ಪಾನಶಾಲೆಗೂ ರತ್ನನ ಅಂಗಡಿಗೂ ಮೊದಲೇ ಕನ್ನಡದಲ್ಲಿ ಅಂಗಡಿಯವನೇ ಕವಿಯಾಗಿದ್ದ. ಕುಡಿತದ ಸಾಹಿತ್ಯದ ಪಾಠವನ್ನು ನಾವು ರುಬಾಯಿಗಳಿಂದ ಶುರುಮಾಡುವ ಅಭ್ಯಾಸ ಬಿಡಬೇಕು ಅನಿಸುವುದು ಇದಕ್ಕೇ.

ರತ್ನನ ಅಂಗಡಿ ಆಮೇಲೆ ಎಲ್ಲಿಗೆ ಹೋಯಿತು? ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಅದು ಸುಗಮ ಸಂಗೀತದ ವೇದಿಕೆ ಹತ್ತಿತು. ಮಡಿಕೇರಿಯ ಹಳ್ಳ ದಿಣ್ಣೆಗಳನ್ನೆಲ್ಲ ಒಂದೇ ಸಮ ಮಾಡಿದ ಮಂಜನ್ನು ನೋಡಿ ರತ್ನ ಬೆರಗಾಗುವ ಪದ ಪ್ರವಾಸಿಗರ ಬಾಯಲ್ಲೂ ಉಳಿಯಿತು. ಗಣೇಶನ ಪೆಂಡಾಲುಗಳಲ್ಲಿ ಗಾಯಕರು ಈ ಪದಗಳನ್ನು ಎತ್ತಿಕೊಂಡರೆ ಮುಂದಿನ ಸಾಲಿನ ಹಿರಿಯರು ತಾಳ ಹಾಕುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ರಾಗ ಇಂಪಾದಷ್ಟೂ ಮಾತಿನ ಒರಟು ಸವೆಯಿತು. ಹೆಂಡದ ವಾಸನೆ ಹೋಗಿ ಹೆಸರುಬೇಳೆ ಕೋಸಂಬರಿಯ ಘಮ ಬಂತು. ಇದರಿಂದ ಪದಗಳು ಬದುಕಿದವು ಎಂಬುದು ನಿಜ. ಕುಡುಕನೊಬ್ಬ ಬಡಾವಣೆಯೊಳಗೆ ಬರಲು ಹಾಡಿನ ಬಟ್ಟೆ ತೊಡಬೇಕಾಯಿತು ಎಂಬುದೂ ಅಷ್ಟೇ ನಿಜ.

ಮಲ್ಲೇಶ್ವರದಿಂದ ಕಾಲುನಡಿಗೆಯ ದೂರದಲ್ಲಿ ಶ್ರೀರಾಮಪುರವಿದೆ. ಸಿದ್ಧಲಿಂಗಯ್ಯನವರು ಬೆಳೆದದ್ದು ಅಲ್ಲಿನ ಕೊಳೆಗೇರಿಯಲ್ಲಿ. ‘ಊರುಕೇರಿ’ ಅವರ ಆತ್ಮಕಥನ. ಅದರ ನಗುವನ್ನು ರತ್ನನ ನಗುವಿನ ಪಕ್ಕ ಇಟ್ಟು ಓದಬೇಕು. ಎರಡೂ ಬಡತನವನ್ನು ನಗುತ್ತಲೇ ಹೇಳುತ್ತವೆ. ಒಂದು ನಗುವಿಗೆ ವೇಷ ಬೇಕಾಗಿತ್ತು, ಇನ್ನೊಂದಕ್ಕೆ ಬೇಕಾಗಲಿಲ್ಲ. ದಲಿತ ಸಾಹಿತ್ಯ ಬಂದ ಮೇಲೆ ರತ್ನನಂಥವರ ಪರವಾಗಿ ಮಾತಾಡುವ ಹೊಣೆಯಿಂದ ಮೇಷ್ಟ್ರುಗಳಿಗೆ ಬಿಡುಗಡೆ ಸಿಕ್ಕಿತು. ಹಾಗಾಗಿ ಈಗ ‘ರತ್ನನ ಪದಗಳು’ ಓದುವಾಗ ಅವನ್ನು ಕುಡುಕನ ದಾಖಲೆಯೆಂದು ಹೊರೆ ಹೊರಿಸದೆ, ಒಬ್ಬ ಕುಡಿಯದವನು ತನ್ನ ಭಾಷೆಯ ಮಡಿಯನ್ನು ಬಿಟ್ಟು ಎಷ್ಟು ದೂರ ಬಂದ ಎಂದು ನೋಡಬಹುದು. ತುಂಬಾ ದೂರ ಬಂದರು ಎಂದೇ ನನ್ನ ತೀರ್ಮಾನ. ಪುಟ್ನಂಜಿಯ ಗುಡಿಸಲಿನ ಬಾಗಿಲವರೆಗೆ ಬಂದರು, ಒಳಗೆ ಹೋಗಲಿಲ್ಲ.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಅದಕ್ಕೂ ಮೊದಲು ಊರೂರಿನ ಹೆಂಗಸರು ಸಾರಾಯಿ ಅಂಗಡಿಗಳ ಮುಂದೆ ಕೂತು ಹೋರಾಡಿದ್ದರು. ಅವರು ಅಲ್ಲಿ ಏನು ಹಾಡಿದರು, ಏನು ಬೈದರು ಎಂಬುದನ್ನು ಯಾರಾದರೂ ಬರೆದಿಟ್ಟುಕೊಂಡು ಪ್ರಕಟಿಸಿದರೆ ಅದಕ್ಕೆ ‘ಪುಟ್ನಂಜಿಯ ಪದಗಳು’ ಎಂದು ಹೆಸರಿಡಬಹುದು. ರತ್ನನ ಪುಸ್ತಕದ ಪಕ್ಕದಲ್ಲೇ ಅದಕ್ಕೆ ಜಾಗ.