ಕ್ರೌರ್ಯಕ್ಕೆ ಮೃಗದ ಹೆಸರೇಕೆ?



ಮನುಷ್ಯನು ಮನುಷ್ಯನನ್ನು ಹಿಂಸಿಸಿದ ಸುದ್ದಿ ಬಂದಾಗಲೆಲ್ಲ ಇಂಗ್ಲಿಷ್ ಪತ್ರಿಕೆಗಳು ‘ಬ್ರೂಟಲಿ’ ಎಂದು ಬರೆಯುತ್ತವೆ. ನಮ್ಮವರು ಅದನ್ನೇ ‘ಮೃಗೀಯವಾಗಿ’ ಎನ್ನುತ್ತಾರೆ. ಈ ಮಾತು ಎಲ್ಲಿಂದ ಬಂತು, ಅದು ಸತ್ಯವನ್ನು ನುಡಿಯುತ್ತದೆಯೇ ಎಂದು ನಾವು ವಿಚಾರಿಸುವುದು ಅಪರೂಪ.

ಲತೀನ್ ಭಾಷೆಯ ‘ಬ್ರೂತುಸ್’ ಇದರ ಮೂಲ. ಭಾರವಾದದ್ದು, ಜಡವಾದದ್ದು ಎಂಬುದೇ ಅದರ ಮೊದಲ ಅರ್ಥ. ಕ್ರೌರ್ಯದ ಸುಳಿವು ಅದರಲ್ಲಿರಲಿಲ್ಲ. ಮುಂದೆ ವಿವೇಚನೆಯಿಲ್ಲದ ಪ್ರಾಣಿಗಳಿಗೆ ಆ ಹೆಸರು ಅಂಟಿತು. ಬಹುಕಾಲದ ಮೇಲೆ ಪ್ರಾಣಿಯ ಹೆಸರೇ ಮನುಷ್ಯನ ಕ್ರೌರ್ಯಕ್ಕೆ ವಿಶೇಷಣವಾಯಿತು. ‘ಕ್ರೂಯಲ್’ ಪದದ ವಂಶ ಬೇರೆ. ಅದು ಹಸಿಯಾದದ್ದು, ಬೇಯದ್ದು ಎಂಬರ್ಥದ ‘ಕ್ರೂದುಸ್’ ಪದದ ಸಂತಾನ. ನಾವು ಸಂಸ್ಕೃತದಿಂದ ಪಡೆದ ‘ಕ್ರೂರ’ವೂ ಹಸಿಮಾಂಸ, ರಕ್ತಗಳನ್ನು ಸೂಚಿಸುವ ಅದೇ ಪ್ರಾಚೀನ ಬೇರಿನ ಕವಲು.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯಾಲಜಿಯಾ’ದಲ್ಲಿ ಇವೆರಡನ್ನೂ ತೂಗಿ ನೋಡಿದರು. ತಪ್ಪಿತಸ್ಥನನ್ನು ಮಿತಿಮೀರಿ ದಂಡಿಸುವುದು ಕ್ರೌರ್ಯ. ತಪ್ಪನ್ನೇ ಲೆಕ್ಕಿಸದೆ ಪರರ ಯಾತನೆಯಲ್ಲಿ ಸುಖಪಡುವುದು ಮೃಗತ್ವ ಎಂಬುದು ಅವರ ವಿಂಗಡಣೆ. ಮೃಗವು ಕೊಲ್ಲುವುದು ಆಹಾರಕ್ಕಾಗಿ, ನ್ಯಾಯ ವಿಚಾರಿಸಿ ಅಲ್ಲ ಎಂದು ಅವರೇ ಹೇಳುತ್ತಾರೆ. ವಿಂಗಡಣೆಗೆ ತಲೆಬಾಗೋಣ, ಹೆಸರಿನ ಬಗ್ಗೆ ಮಾತ್ರ ಒಂದು ಆಕ್ಷೇಪವಿದೆ. ಆಹಾರಕ್ಕಾಗಿ ಕೊಲ್ಲುವ ಜೀವಿಯ ಹೆಸರನ್ನು ಯಾತನೆಯ ಸುಖಕ್ಕೆ ಇಡುವುದು ಎಷ್ಟು ನ್ಯಾಯ? ಸಾಂಬ್ರಾಣಿಯ ಕಡೆಯ ಕಾಡಿನಂಚಿನ ರೈತನು ಬಲ್ಲ: ಚಿರತೆ ಕರುವನ್ನು ಹೊತ್ತೊಯ್ದೀತು, ಆದರೆ ಅದಕ್ಕೆ ಸಂಕೋಲೆ ತೊಡಿಸಿ, ಬೆಲೆ ಕಟ್ಟಿ ಮಾರುವುದಿಲ್ಲ.

ಹಾಗೆ ಮಾರಿದವರು ಮನುಷ್ಯರು. ಸಾಂಬ್ರಾಣಿ ಇರುವ ಹಳಿಯಾಳ ತಾಲೂಕಿನಲ್ಲೂ ನೆರೆಯ ಯಲ್ಲಾಪುರ, ಮುಂಡಗೋಡಗಳಲ್ಲೂ ನಮ್ಮ ಸಿದ್ದಿ ಬಂಧುಗಳಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರನ್ನು ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆಸಿದರು. ತಂದವರು ಕ್ರೈಸ್ತರೇ ಆಗಿದ್ದರೆಂಬುದನ್ನು ನಾವು ಮುಚ್ಚಿಡಲಾಗದು. ಪೋಪ್ ಹದಿನಾರನೆಯ ಗ್ರೆಗೊರಿಯವರು 1839ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿದರು. ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ್ದು 1869ರಲ್ಲಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಇಲ್ಲಿಯೇ ‘ಮೃಗೀಯ’ ಪದದ ಅಪಾಯ ಕಾಣುತ್ತದೆ. ಹಿಂಸೆಗೊಳಗಾಗುವವನನ್ನು ಮೊದಲು ಪಶುವೆಂದು ಎಣಿಸಿ ಹಿಂಸೆಯನ್ನು ಸುಲಭ ಮಾಡಿಕೊಳ್ಳುತ್ತೇವೆ. ಬಳಿಕ ಹಿಂಸಿಸಿದವನನ್ನೂ ಪಶುವೆಂದು ಕರೆದು, ನಮ್ಮ ಕುಲದಿಂದ ಹೊರಗಟ್ಟಿ, ಪಿಲಾತನಂತೆ ಕೈತೊಳೆದುಕೊಳ್ಳುತ್ತೇವೆ. ಎರಡು ಸಲವೂ ನಿರಪರಾಧಿಯಾದ ಪ್ರಾಣಿಯ ಮರೆಯಲ್ಲಿ ಅವಿತುಕೊಳ್ಳುವವನು ಮನುಷ್ಯನೇ.

ನಮ್ಮಲ್ಲಿ ‘ನಿರ್ದಯವಾಗಿ’ ಎಂಬ ಪ್ರಾಮಾಣಿಕ ಮಾತೊಂದಿದೆ. ದಯೆ ಇರಬೇಕಾದಲ್ಲಿ ಇರಲಿಲ್ಲವೆಂದು ಅದು ನೇರವಾಗಿ ಹೇಳುತ್ತದೆ. ದಯೆ ತೋರಬಲ್ಲವನ ಮೇಲೆ ಮಾತ್ರ ಆ ದೂರು ನಿಲ್ಲುತ್ತದೆ. ಮನೆಗೆಲಸದಾಕೆಯನ್ನು ಗದರಿಸುವ ನಾಲಿಗೆಗೂ ಮಗುವಿನ ಮೇಲೆ ಏಳುವ ಕೈಗೂ ಅದು ಸಲ್ಲುತ್ತದೆ. ಆದ್ದರಿಂದ ವಾಚಕರೇ, ಪತ್ರಿಕೆ ಓದಿ ‘ಎಂಥ ಮೃಗ!’ ಎಂದು ಉದ್ಗರಿಸುವ ಮುನ್ನ ಮನೆಯ ಮಕ್ಕಳಿಗೆ ತಿಳಿಯಹೇಳಿ: ಇದನ್ನು ಮಾಡಿದವನು ಮನುಷ್ಯ, ಮಾಡದಿರಲು ಅವನಿಗೆ ಸಾಧ್ಯವಿತ್ತು.