ಕಪ್ಪಾದ ಬೆಳ್ಳಿಗೆ ಜರ್ಮನ್ ಪಾತ್ರೆಯ ಮದ್ದು

ಬೆಳ್ಳಿಯನ್ನು ಕಪ್ಪಾಗಿಸುವುದು ಕೊಳೆಯಲ್ಲ, ಗಂಧಕ. ಗಾಳಿಯಲ್ಲಿ ತೀರ ಅಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ತಗುಲಿದರೂ ಸಾಕು, ಬೆಳ್ಳಿಯ ಮೈಮೇಲೆ ಸಿಲ್ವರ್ ಸಲ್ಫೈಡಿನ ತೆಳು ಪದರ ಕಟ್ಟುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಹವೆಯಲ್ಲಿ ತೇವವಿದ್ದರೆ ಇದು ಇನ್ನೂ ಬೇಗ. ಉಳ್ಳಾಗಡ್ಡಿ, ತತ್ತಿ, ಉಣ್ಣೆ, ರಬ್ಬರು ಎಲ್ಲದರಲ್ಲೂ ಗಂಧಕವಿದೆ. ಉಳ್ಳಾಗಡ್ಡಿ ಬೆಳೆಯುವ ಸೋಲಾಪುರ ಸೀಮೆಯಲ್ಲಿ ಅದರ ಚೀಲಗಳನ್ನು ದೇವರ ಮನೆಯಿಂದ ದೂರ ಇಡುವುದೇ ಮೊದಲ ಎಚ್ಚರ.

ಈ ಕಪ್ಪು ಪದರದ ತೂಕದಲ್ಲಿ ಸುಮಾರು ಶೇ. 87ರಷ್ಟು ಬೆಳ್ಳಿಯೇ. ತಿಕ್ಕಿ ತೆಗೆದಷ್ಟೂ ಬೆಳ್ಳಿ ಬಚ್ಚಲಿಗೆ ಹೋಗುತ್ತದೆ, ಹಳೆಯ ಕೆತ್ತನೆ ಸವೆಯುತ್ತದೆ. ಆದ್ದರಿಂದ ತಿಕ್ಕುವುದಕ್ಕಿಂತ ಗಂಧಕವನ್ನು ಬಿಡಿಸುವ ದಾರಿಯೇ ಮೇಲು.

ಅದಕ್ಕೆ ಬೇಕಾದ್ದು ಅಲ್ಯುಮಿನಿಯಂ. ಅಕ್ಕಲಕೋಟ ತಾಲ್ಲೂಕಿನ ಚಪಳಗಾಂವದ ಕಡೆ ಜರ್ಮನ್ ಪಾತ್ರೆ ಎಂದು ಕರೆಯುವ ಹಳೆಯ ಅಲ್ಯುಮಿನಿಯಂ ಬೋಗುಣಿಯೊಂದಿದ್ದರೆ ಫಾಯಿಲ್ ಹಾಳೆಯೂ ಬೇಡ. ಒಂದು ಲೀಟರ್ ಕುದಿಸಿದ ನೀರನ್ನು ಅದಕ್ಕೆ ಸುರಿದು, ತಿನ್ನುವ ಸೋಡಾ ಒಂದು ದೊಡ್ಡ ಚಮಚ, ಉಪ್ಪು ಅಷ್ಟೇ ಹಾಕಬೇಕು. ಜಿಡ್ಡು, ಕುಂಕುಮ ತೊಳೆದ ಬೆಳ್ಳಿಯನ್ನು ಪಾತ್ರೆಯ ತಳಕ್ಕೆ ತಾಗುವಂತೆ ಇಡಬೇಕು. ತಾಗದಿದ್ದರೆ ಕೆಲಸ ನಡೆಯದು. ಅಲ್ಯುಮಿನಿಯಂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ. ಕೊಳೆತ ತತ್ತಿಯ ವಾಸನೆ ಬಂದರೆ ಗಾಬರಿ ಬೇಡ, ಕಿಟಕಿ ತೆರೆದಿಟ್ಟರೆ ಸಾಕು. ನಾಲ್ಕೈದು ನಿಮಿಷಗಳ ಮೇಲೆ ತೆಗೆದು, ಸ್ವಚ್ಛ ನೀರಿನಲ್ಲಿ ತೊಳೆದು ಕೂಡಲೇ ಒರೆಸಬೇಕು. ಉಪ್ಪಿನಂಶ ಉಳಿದರೆ ಕಲೆ ಮತ್ತೆ ಏಳುತ್ತದೆ. ಒರೆಸಲು ಸೋಲಾಪುರದ ಹಳೆಯ ಹತ್ತಿ ಟವೆಲ್ಲಿಗಿಂತ ಮೆತ್ತನೆಯದು ಬೇಕಿಲ್ಲ. ಬೋಗುಣಿಯ ತಳ ಮಂಕಾಗುತ್ತದೆ; ಇದೇ ಕೆಲಸಕ್ಕೆ ಒಂದನ್ನು ಬೇರೆ ತೆಗೆದಿಡುವುದು ಲೇಸು.

ಎಲ್ಲ ವಸ್ತುಗಳಿಗೂ ಇದು ಸಲ್ಲದು. ಕುಸುರಿಯ ಸಂದಿಗಳಲ್ಲಿ ಬೇಕೆಂದೇ ಕಪ್ಪು ಬಿಟ್ಟ ಒಡವೆ, ಹರಳು ಕೂಡಿಸಿದ್ದು, ಒಳಗೆ ಅರಗು ತುಂಬಿದ ಪೊಳ್ಳು ಬಳೆ, ಇವನ್ನು ಬಿಸಿನೀರಿಗೆ ಹಾಕಲೇಬಾರದು. ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗವನ್ನಿಡುವ ಬೆಳ್ಳಿ ಕರಡಿಗೆಯ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು: ಲಿಂಗದ ಮೇಲಿನ ಕಂತಿ ಎಂಬ ಕರಿಯ ಲೇಪಕ್ಕೆ ಬಿಸಿಯೂ ಸೋಡಾವೂ ಒಗ್ಗವು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡ ಮೇಲೆಯೇ ಬರಿ ಕರಡಿಗೆಗೆ ಕೈ ಹಚ್ಚಬೇಕು.

ಬಿಸಿನೀರಿಗೆ ಹಾಕಬಾರದ ವಸ್ತುಗಳಿಗೆ ತಿಕ್ಕುವುದೇ ಗತಿ, ಅದೂ ಹಗುರವಾಗಿ. ತೆಳು ಬಟ್ಟೆಯಲ್ಲಿ ಸೋಸಿದ ವಿಭೂತಿಯನ್ನು ತೊಟ್ಟು ನೀರಿನಲ್ಲಿ ಕಲಸಿ, ಬೆರಳಿಗೆ ಸುತ್ತಿದ ಹತ್ತಿಬಟ್ಟೆಯಿಂದ ಒರೆಸುವ ಹಳೆಯ ರೂಢಿ ಒಳ್ಳೆಯದೇ. ಒಲೆಯ ಬೂದಿ, ಮರಳು, ತಂತಿಬ್ರಷ್ ಕೂಡದು. ಮರಳಿನ ಕಣ ಬೆಳ್ಳಿಗಿಂತ ಬಹಳ ಗಟ್ಟಿ. ಅದು ಎಳೆದ ಗೆರೆ ಮಾಯುವುದಿಲ್ಲ.

ಹುಣಸೆಹಣ್ಣು ತಾಮ್ರ, ಹಿತ್ತಾಳೆಗೆ ತಕ್ಕದ್ದು. ಬೆಳ್ಳಿಯಲ್ಲಿ ಬೆರೆತ ತಾಮ್ರದ ಕಿಲುಬನ್ನು ಬಿಡಿಸೀತು, ಸಿಲ್ವರ್ ಸಲ್ಫೈಡನ್ನು ಕರಗಿಸಲಾರದು. ಜರ್ಮನ್ ಸಿಲ್ವರ್ ಆರತಿತಟ್ಟೆಗೆ ಮಾತ್ರ ಹುಳಿಯೇ ಸರಿ. ತಾಮ್ರ, ನಿಕ್ಕಲ್, ಸತುವಿನ ಆ ಮಿಶ್ರಣದಲ್ಲಿ ಬೆಳ್ಳಿಯೇ ಇರುವುದಿಲ್ಲ.

ತೆಗೆದಿಡುವಾಗ ಉಣ್ಣೆಬಟ್ಟೆ, ರಬ್ಬರ್‌ಬ್ಯಾಂಡು, ಹಳೆಯ ಪತ್ರಿಕೆ ಬೇಡ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಟ್ಟರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ತೆಗೆದಾಗ ಒರೆಸಿದರೆ ಸಾಕಾಗುತ್ತದೆ. ದಿನವೂ ಬಳಸಿ ತೊಳೆಯುವ ಬೆಳ್ಳಿ ಇನ್ನೂ ಕಡಿಮೆ ಕಪ್ಪಾಗುತ್ತದೆ. ಟ್ರಂಕಿನಲ್ಲಿ ಕೂಡಿಟ್ಟ ಬಟ್ಟಲು, ಲೋಟಗಳನ್ನು ಬಳಕೆಗೆ ತರಬೇಕು.