ಫ್ರ್ಯಾಂಕ್ ಹ್ಯಾಂಪ್‌ಸನ್ನನ ಚಿತ್ರಕಥೆಗಳು

ಬಾಲಕರ ವಾರಪತ್ರಿಕೆಯಲ್ಲಿ ಅಚ್ಚಾದ ಚಿತ್ರಕಥೆಗೆ ವಿಮರ್ಶೆಯ ಗೌರವವೇತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಇಂಗ್ಲೆಂಡಿನ ಫ್ರ್ಯಾಂಕ್ ಹ್ಯಾಂಪ್‌ಸನ್ನನ (1918–1985) ಪುಟಗಳನ್ನು ಸಾವಧಾನವಾಗಿ ನೋಡಿದವರಿಗೆ ಈ ಶಂಕೆ ಉಳಿಯಲಾರದು.

ಈತನು ಹುಡುಗನಾಗಿದ್ದಾಗ ಅಂಚೆಯ ಇಲಾಖೆಯಲ್ಲಿ ತಂತಿ ಹಂಚಿದವನು, ಸೌತ್‌ಪೋರ್ಟಿನ ಕಲಾಶಾಲೆಯಲ್ಲಿ ಕಲಿತವನು, ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದವನು. ಅಮೆರಿಕದಿಂದ ಬರುತ್ತಿದ್ದ ಕ್ರೌರ್ಯಭರಿತ ಚಿತ್ರಪುಸ್ತಕಗಳಿಗೆ ಪ್ರತಿಯಾಗಿ ಸದಭಿರುಚಿಯ ಪತ್ರಿಕೆಯೊಂದು ಬೇಕೆಂದು ಹಂಬಲಿಸಿದ ಮಾರ್ಕಸ್ ಮಾರಿಸ್ ಎಂಬ ಪಾದ್ರಿಗೆ ಇವನ ಕೈ ಒದಗಿತು. 1950ನೆಯ ಏಪ್ರಿಲ್ 14ರಂದು ‘ಈಗಲ್’ ಹೊರಬಂದಿತು. ಮೊದಲ ಸಂಚಿಕೆಯೇ ಸುಮಾರು 9 ಲಕ್ಷ ಪ್ರತಿಗಳು ಮಾರಾಟವಾದುವು. ಅದರ ಮುಖಪುಟದಲ್ಲಿ ಆರಂಭವಾದುದು ‘ಡ್ಯಾನ್ ಡೇರ್’.

ಭೂಮಿಯಲ್ಲಿ ಆಹಾರ ಸಾಲದೆ ಮನುಷ್ಯರು ಶುಕ್ರಗ್ರಹಕ್ಕೆ ಅದನ್ನು ಅರಸಿ ಹೊರಡುವುದು ಮೊದಲ ಕಥೆಯ ವಸ್ತು. 1954ರವರೆಗೂ ಪಡಿತರ ಚೀಟಿ ಹಿಡಿದು ಬೆಳೆದ ಮಕ್ಕಳಿಗೆ ಇದು ಬರಿಯ ಕಲ್ಪನೆಯಾಗಿ ತೋರಿರಲಾರದಷ್ಟೆ. ಅಲ್ಲಿನ ದುಷ್ಟನಾಯಕನಾದ ಮೆಕಾನನನ್ನು ನೋಡಬೇಕು: ಬೃಹತ್ತಾದ ತಲೆ, ಬತ್ತಿದ ಮೈ, ಗಾಳಿಯಲ್ಲಿ ತೇಲುವ ಪೀಠ. ಬುದ್ಧಿ ಬೆಳೆದು ಕರುಳು ಒಣಗಿದ ಅವಸ್ಥೆಯನ್ನು ಚಿತ್ರಕಾರನು ಒಂದು ಮಾತಿನ ನೆರವೂ ಇಲ್ಲದೆ ಹೇಳಿದ್ದಾನೆ. ಇದಕ್ಕೆ ಹೋಲಿಸಿದರೆ ನಾಯಕನು ಸ್ವಲ್ಪ ನೀರಸನೇ ಸರಿ. ಅಷ್ಟು ಸದ್ಗುಣಗಳನ್ನು ಹೊತ್ತವನಿಗೆ ನಗಲು ಬಿಡುವೆಲ್ಲಿ! ಆ ಕೊರತೆಯನ್ನು ಸೇವಕ ಡಿಗ್ಬಿಯು ತುಂಬುತ್ತಾನೆ.

ಹ್ಯಾಂಪ್‌ಸನ್ನನು ಊಹೆಯಿಂದ ಬರೆಯುತ್ತಿರಲಿಲ್ಲ. ಸಹಾಯಕರನ್ನು ವೇಷದಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆಯುವನು. ನೌಕೆಗಳ ಮಾದರಿಗಳನ್ನು ಮಾಡಿಸಿ ಬೆಳಕು ಬೀಳುವ ಬಗೆಯನ್ನು ನೋಡುವನು. ವೃದ್ಧ ಅಧಿಕಾರಿ ಸರ್ ಹ್ಯೂಬರ್ಟನ ಮುಖ ಚಿತ್ರಕಾರನ ತಂದೆಯದೇ. ವಾರಕ್ಕೆ ಎರಡು ಪುಟಗಳಿಗಾಗಿ ಇಷ್ಟು ಶ್ರಮವೇ ಎಂದರೆ, ಆ ಎರಡು ಪುಟಗಳನ್ನು ಮಕ್ಕಳು ನಂಬಿದುದು ಈ ಶ್ರಮದಿಂದಲೇ ಎಂದು ನಮ್ಮ ಉತ್ತರ.

ಹೀಗಿದ್ದರೂ ತಾನು ಸೃಷ್ಟಿಸಿದ ಲೋಕದ ಹಕ್ಕು ಅವನದಾಗಿರಲಿಲ್ಲ. ಅದು ಪ್ರಕಾಶಕರ ಸ್ವತ್ತು. 1959ರಲ್ಲಿ ಪತ್ರಿಕೆಯು ಬೇರೆ ಒಡೆಯರ ಕೈಸೇರಿತು. ಆ ವರ್ಷವೇ ಅವನು ಡೇರನನ್ನು ಬಿಟ್ಟನು. ಅವನ ಸ್ಥಾನಕ್ಕೆ ಬಂದ ಫ್ರ್ಯಾಂಕ್ ಬೆಲ್ಲಾಮಿಯೂ ಮಹಾ ಕಲಾವಿದನೇ. ನೌಕೆಗಳ, ಉಡುಪುಗಳ ರೂಪವನ್ನೆಲ್ಲ ಬದಲಿಸಬೇಕೆಂದು ಅವನಿಗೆ ಅಪ್ಪಣೆಯಾಯಿತು. ಆದರೆ 1962ರಲ್ಲಿ ಕೀತ್ ವಾಟ್ಸನ್ನನ ಕೈಯಿಂದ ಹಳೆಯ ರೂಪವೇ ಮರಳಿ ಬಂದಿತು. ಹ್ಯಾಂಪ್‌ಸನ್ನನಿಲ್ಲದೆ ಹ್ಯಾಂಪ್‌ಸನ್ನನ ಲೋಕ ಬೇಕಾಗಿದ್ದಿತು! ಅವನಾದರೋ, ಕ್ರಿಸ್ತನ ಚರಿತ್ರೆಯನ್ನು ‘ದಿ ರೋಡ್ ಆಫ್ ಕರೇಜ್’ ಎಂಬ ಹೆಸರಿನಲ್ಲಿ ಚಿತ್ರಿಸಿ (ನಮ್ಮ ದೃಷ್ಟಿಯಲ್ಲಿ ಇದೇ ಅವನ ಪಕ್ವವಾದ ಕೃತಿ) 1961ರಲ್ಲಿ ಪತ್ರಿಕೆಯಿಂದಲೇ ದೂರವಾಗಿದ್ದನು.

ಆಮೇಲೆ ಅವನು ಲೇಡಿಬರ್ಡ್ ಪುಸ್ತಕಗಳಿಗೆ ಶಿಶುಗೀತೆಗಳ ಚಿತ್ರಗಳನ್ನು ಬರೆದನು. ಈವೆಲ್ಲಿನ ತಾಂತ್ರಿಕ ಕಾಲೇಜಿನಲ್ಲಿ ಸಹಾಯಕನಾಗಿ ಸಂಬಳಕ್ಕೆ ದುಡಿದನು. ಎರಡನೆಯ ಮಹಾಯುದ್ಧದ ತರುವಾಯದ ಚಿತ್ರಕಥಾಕಾರರಲ್ಲಿ ಶ್ರೇಷ್ಠನೆಂದು 1975ರಲ್ಲಿ ಅವನನ್ನು ಸನ್ಮಾನಿಸಿದುದು ಇಟಲಿಯ ಲೂಕ್ಕಾ ನಗರದ ಉತ್ಸವ.